ಐರಿಶ್ ಗೊಜ್ಜಿಗೆ ಉಡುಪಿಯ ಕೈ

ಮೊದಲೇ ಹೇಳಿಬಿಡುತ್ತೇನೆ: ನನಗೆ ಪಶ್ಚಾತ್ತಾಪವಿಲ್ಲ! ಈ ಕತೆಯನ್ನು ನನ್ನ ಹೆಂಡತಿ ಸರೋಜಿನಿ ಒಂದು ಥರ ಹೇಳುತ್ತಾಳೆ. ಹದಿನೈದರ ಮಗಳು ಶ್ರೀಯಾ ಇನ್ನೊಂದು ಥರ, ಅದೂ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಇಬ್ಬರನ್ನೂ ನಂಬಬೇಡಿ. ಸೌಟು ಹಿಡಿದವನು ನಾನು. ಯುದ್ಧದ ಸುದ್ದಿಯನ್ನು ಯುದ್ಧಕ್ಕೆ ಹೋದವನಿಂದ ಕೇಳಬೇಕೇ ಹೊರತು ಬಾಗಿಲಲ್ಲಿ ನಿಂತು ನಕ್ಕವರಿಂದಲ್ಲ.

ನಾವಿರುವುದು ಮಲೇಷ್ಯಾದ ಪೆಟಾಲಿಂಗ್ ಜಯಾ ಊರಿನ ಒಂದು ಕಾಂಡೋದ ಹನ್ನೊಂದನೇ ಮಹಡಿಯಲ್ಲಿ. ನಾನು ಉಡುಪಿಯವನು, ಇಲ್ಲಿನ ಮೆಡಿಕಲ್ ಕಾಲೇಜೊಂದರಲ್ಲಿ ಫಿಸಿಯಾಲಜಿ ಪಾಠ ಮಾಡುತ್ತೇನೆ. ಸರೋಜಿನಿ ಮೈಸೂರಿನವಳು, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹನ್ನೆರಡು ಜನರನ್ನು ಆಳುತ್ತಾಳೆ. ನನ್ನನ್ನೂ ಮಗಳನ್ನೂ ಸೇರಿಸಿದರೆ ಹದಿನಾಲ್ಕು. ನಮ್ಮ ಎದುರು ಮನೆ ಬ್ರೈಡಿ ಆಂಟಿಯದು. ಎಪ್ಪತ್ತಾರು ವರ್ಷದ ಐರಿಶ್ ಹೆಂಗಸು. ಚಿಕ್ಕ ವಯಸ್ಸಿನಲ್ಲಿ ನರ್ಸ್ ಆಗಿ ಬಂದು, ಕ್ಲಾಂಗ್ ಬಂದರಿನಲ್ಲಿ ಕೆಲಸಕ್ಕಿದ್ದ ತಮಿಳರೊಬ್ಬರನ್ನು ಮದುವೆಯಾಗಿ, ಅವರು ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ಅವರ ಇಂಗ್ಲಿಷಿನಲ್ಲಿ ಅರ್ಧ ಐರ್ಲೆಂಡಿನ ರಾಗ, ಅರ್ಧ ಮಲೇಷ್ಯಾದವರು ಮಾತಿನ ಬಾಲಕ್ಕೆ ಅಂಟಿಸುವ 'ಲಾ'. ಅದನ್ನು ನಾನು ಕನ್ನಡದಲ್ಲೇ ಹೇಳುತ್ತೇನೆ. ರಾಗವನ್ನು ನೀವೇ ಹಾಕಿಕೊಳ್ಳಿ.

ಬ್ರೈಡಿ ಆಂಟಿ ವರ್ಷಕ್ಕೊಮ್ಮೆ ಟೊಮೇಟೊ ರೆಲಿಶ್ ಮಾಡುತ್ತಿದ್ದರು. ರೆಲಿಶ್ ಎಂದರೆ ಗಾಬರಿಯಾಗಬೇಡಿ, ಅದು ಗೊಜ್ಜಿನ ದೂರದ ನೆಂಟ. ಟೊಮೇಟೊ, ಈರುಳ್ಳಿ, ಸಕ್ಕರೆ, ಕಂದು ವಿನೆಗರ್, ಸಾಸಿವೆ ಪುಡಿ, ಜೊತೆಗೆ, ನಂಬಿದರೆ ನಂಬಿ, ಎರಡು ಚಮಚ ಕರಿ ಪುಡಿ! ನಮ್ಮ ಮಸಾಲೆ ಯಾವುದೋ ಹಡಗು ಹತ್ತಿ ಐರ್ಲೆಂಡಿನ ಹಳ್ಳಿಯ ಅಡುಗೆಮನೆ ಸೇರಿ, ಅಲ್ಲಿ ಸಂಸಾರ ಹೂಡಿ, ಮೊಮ್ಮಕ್ಕಳೊಂದಿಗೆ ನಮ್ಮ ಎದುರು ಮನೆಗೆ ವಾಪಸ್ ಬಂದಿತ್ತು. ಪ್ರತಿ ವರ್ಷ ನಮಗೊಂದು ಬಾಟಲಿ ಬರುತ್ತಿತ್ತು. ಅದನ್ನು ಚೀಸಿನ ಜೊತೆ ಬ್ರೆಡ್ಡಿಗೆ ಹಚ್ಚಬೇಕೆಂದು ಆಂಟಿ ಹೇಳಿಕೊಟ್ಟಿದ್ದರು. ನಾವು ಒಂದು ದಿನ ಹಾಗೆ ಮಾಡಿದೆವು. ಎರಡನೇ ದಿನ ದೋಸೆಗೆ ಹಚ್ಚಿದೆವು. ಮೂರನೇ ದಿನ ಬಿಸಿ ಅನ್ನಕ್ಕೆ ಕಲಸಿ ಮೇಲೆ ತೆಂಗಿನೆಣ್ಣೆ ಬಿಟ್ಟುಕೊಂಡೆವು. ನಾಲ್ಕನೇ ದಿನ ಮೊಸರನ್ನದ ಪಕ್ಕದಲ್ಲಿ ಅದನ್ನಿಟ್ಟಾಗ ಉಪ್ಪಿನಕಾಯಿ ಭರಣಿ ನಾಚಿಕೊಂಡು ಹಿಂದೆ ಸರಿಯಿತು. ಇಲ್ಲಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದ ರೋಟಿ ಚನಾಯ್ ಎಂಬ ಪರೋಟಕ್ಕೂ ಅದೇ. ಎರಡು ವಾರದಲ್ಲಿ ಬಾಟಲಿ ಖಾಲಿ, ಮುಂದಿನ ಜುಲೈವರೆಗೆ ಬರೀ ನೆನಪು.

ಜುಲೈ ಏಕೆಂದರೆ ಅದರ ಹಿಂದೊಂದು ವ್ರತವಿತ್ತು. ಬ್ರೈಡಿ ಆಂಟಿಗೆ ಒಬ್ಬ ಅಣ್ಣ, ಒಬ್ಬ ಅಕ್ಕ. ಎಂಬತ್ತಾರರ ಮೈಕಲ್ ಐರ್ಲೆಂಡಿನಲ್ಲಿ, ಎಂಬತ್ತರ ನೋರಾ ಇಂಗ್ಲೆಂಡಿನಲ್ಲಿ. ಅವರ ತಾಯಿ ತೀರಿಹೋದ ವರ್ಷದಿಂದ, ಅಂದರೆ ನಲವತ್ತೊಂದು ವರ್ಷಗಳಿಂದ, ಮೂವರೂ ತಂತಮ್ಮ ಮನೆಯಲ್ಲಿ ತಾಯಿಯ ರೆಲಿಶ್ ಮಾಡಿ, ಆರು ವಾರ ಮುಟ್ಟದೆ ಇಟ್ಟು, ಜುಲೈ ಇಪ್ಪತ್ತಮೂರರಂದು, ಆ ತಾಯಿಯ ಹುಟ್ಟಿದ ದಿನ, ಒಂದೇ ಹೊತ್ತಿಗೆ ಮುಚ್ಚಳ ತೆಗೆಯುತ್ತಿದ್ದರು. ರುಚಿ ನೋಡಿ ತಾಯಿಯ ಆಣೆ ಹಾಕಿ ನಿಜ ಹೇಳಬೇಕು: ಇದು ಅಮ್ಮನದ್ದೇ ಹೌದೋ ಅಲ್ಲವೋ. ಮೊದಲು ಕಾಗದದಲ್ಲಿ ಹೇಳುತ್ತಿದ್ದರಂತೆ, ಆಮೇಲೆ ಫೋನಿನಲ್ಲಿ, ಈಗ ಜೂಮಿನಲ್ಲಿ. ನಲವತ್ತೊಂದು ವರ್ಷಗಳಲ್ಲಿ ಒಬ್ಬರೂ ಒಮ್ಮೆಯೂ 'ಹೌದು' ಎಂದಿರಲಿಲ್ಲ. ಏನೋ ಒಂದು ಕಡಿಮೆ. ಏನೆಂದು ಯಾರಿಗೂ ಗೊತ್ತಿಲ್ಲ. ತಾಯಿ ಬರೆದಿಟ್ಟಿರಲಿಲ್ಲ.

ಎರಡು ಸಾವಿರದ ಇಪ್ಪತ್ತೊಂದರ ಜೂನ್ ಬಂತು. ಕೊರೋನಾದಿಂದಾಗಿ ಮಲೇಷ್ಯಾಕ್ಕೆ ಮತ್ತೆ ಪೂರ್ಣ ಬೀಗ. ಮನೆಯಿಂದ ಇಬ್ಬರೇ ಹೊರಡಬೇಕು, ಹತ್ತು ಕಿಲೋಮೀಟರ್ ದಾಟಬಾರದು, ಪಕ್ಕದ ಮನೆಯೊಳಗೆ ಕಾಲಿಡಬಾರದು. ನಮ್ಮ ಕಾರಿಡಾರಿನ ಸಂಸಾರವೆಲ್ಲ ಬಾಗಿಲ ಕಬ್ಬಿಣದ ಗ್ರಿಲ್‌ಗಳ ಮೂಲಕವೇ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಬ್ರೈಡಿ ಆಂಟಿ ತಮ್ಮ ಗ್ರಿಲ್ ಹಿಂದೆ ಕಾಣಿಸಿಕೊಂಡರು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್.

"ಬಾತ್‌ರೂಮಿನಲ್ಲಿ ಜಾರಿದೆ," ಎಂದರು. "ಕೈ ಹೋದರೆ ಹೋಗಲಿ ಲಾ. ರೆಲಿಶ್ ಹೋಯಿತಲ್ಲ!"

"ಮುಂದಿನ ವರ್ಷ ಮಾಡಿದರಾಯ್ತು ಆಂಟಿ," ಎಂದಳು ಸರೋಜಿನಿ.

"ಮೈಕಲ್‌ಗೆ ಎಂಬತ್ತಾರು. ಈ ರೋಗ ಬೇರೆ. ನಮ್ಮ ವಯಸ್ಸಿನವರು ಮುಂದಿನ ವರ್ಷ ಅನ್ನೋ ಮಾತನ್ನ ಆಡಬಾರದು ಮಗಳೇ." ಅವರು ಗ್ರಿಲ್ ಹತ್ತಿರ ಬಂದರು. "ನಲವತ್ತೊಂದು ವರ್ಷದಲ್ಲಿ ನಾನು ಒಂದು ಸಲವೂ ತಪ್ಪಿಸಿಲ್ಲ. ಸರೋಜಿನಿ, ಈ ಸಲ ನನ್ನ ಕೈ ನೀನಾಗ್ತೀಯಾ? ನಾನು ಇಲ್ಲಿಂದಲೇ ಹೇಳಿಕೊಡ್ತೇನೆ. ಒಂದೇ ನಿಯಮ: ಶುರು ಮಾಡಿದ ಕೈಯೇ ಮುಗಿಸಬೇಕು. ನಡುವೆ ಸೌಟು ಕೈ ಬದಲಾಯಿಸಬಾರದು."

ಸರೋಜಿನಿ ಬಾಯಿ ತೆರೆಯುವುದರೊಳಗೆ ಒಂದು ಗಂಭೀರ ಧ್ವನಿ ಕಾರಿಡಾರಿನಲ್ಲಿ ಮೊಳಗಿತು.

"ನಾನು ಮಾಡ್ತೇನೆ!"

ಆ ಧ್ವನಿ ನನ್ನದೇ ಎಂದು ನನಗೆ ಒಂದು ಕ್ಷಣ ತಡವಾಗಿ ತಿಳಿಯಿತು.

"ನೀವಾ?" ಎಂದಳು ಸರೋಜಿನಿ.

"ನಾನೇ."

"ರೀ, ನೀವು ಕೊನೇ ಸಲ ಮಾಡಿದ ಅಡುಗೆ ಯಾವುದು ಹೇಳಿ ನೋಡೋಣ."

"ಮಜ್ಜಿಗೆ."

"ಮಜ್ಜಿಗೆ ಅಡುಗೆ ಅಲ್ಲ ಕಣ್ರೀ, ಮೊಸರಿಗೆ ನೀರು ಹಾಕೋದು!"

"ನನ್ನ ಅಜ್ಜ ಮಠದ ಅಡುಗೆ ಭಟ್ಟರು ಮಾರಾಯ್ತಿ! ಸಾವಿರ ಎಲೆ ಹಾಕಿದ ದಿನವೂ ಒಂದು ಹನಿ ಸಾರು ನಾಲಿಗೆಗೆ ಸೋಕಿಸದೆ ಅಡುಗೆ ಮುಗಿಸಿದವರು. ಆ ರಕ್ತ ನನ್ನಲ್ಲಿ ಉಂಟು."

ಇಲ್ಲಿ ಒಂದು ಮಾತು ವಿವರಿಸಬೇಕು. ನಮ್ಮ ಮನೆಯ ಸಂಪ್ರದಾಯದಲ್ಲಿ ಅಡುಗೆ ಮಾಡುವವರು ರುಚಿ ನೋಡುವುದಿಲ್ಲ. ದೇವರಿಗೆ ನೈವೇದ್ಯವಾಗುವ ಮೊದಲು ಮನುಷ್ಯನ ನಾಲಿಗೆಗೆ ತಾಗಿದರೆ ಅದು ಎಂಜಲು. ಉಪ್ಪು ಕಣ್ಣಳತೆ, ಹುಳಿ ಕೈಯಳತೆ, ಹದ ಮೂಗಿನ ಅಳತೆ. ಸರೋಜಿನಿ ಮಾತ್ರ ಸಾರು ಇಳಿಸುವ ಮೊದಲು ಅಂಗೈಗೆ ನಾಲ್ಕು ಹನಿ ಹಾಕಿ ನೆಕ್ಕುವವಳು. ಮದುವೆಯಾಗಿ ಹದಿನೆಂಟು ವರ್ಷದಿಂದ ಈ ವಿಷಯದಲ್ಲಿ ಮೈಸೂರು ಮತ್ತು ಉಡುಪಿಯ ನಡುವೆ ಕದನವಿರಾಮವಿದೆ, ಒಪ್ಪಂದವಾಗಿಲ್ಲ.

"ಹತ್ತು ನಿಮಿಷಕ್ಕೊಮ್ಮೆ ರುಚಿ ನೋಡ್ತಾ ಇರಬೇಕು ಡಾಕ್ಟರ್," ಎಂದರು ಬ್ರೈಡಿ ಆಂಟಿ.

"ನಮ್ಮಲ್ಲಿ ಆ ಪದ್ಧತಿ ಇಲ್ಲ ಆಂಟಿ," ಎಂದೆ ನಾನು, ಅಜ್ಜನ ಪರವಾಗಿ.

ಆಂಟಿ ಸರೋಜಿನಿಯ ಮುಖ ನೋಡಿದರು. ಸರೋಜಿನಿ ಸೀಲಿಂಗ್ ನೋಡಿದಳು.

ಜೂನ್ ಹತ್ತರಂದು ನಾಲ್ಕು ಕಿಲೋ ಕ್ಯಾಮರಾನ್ ಬೆಟ್ಟದ ಟೊಮೇಟೊ ಬಂತು. ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿದೆ, ಹೆಚ್ಚಿದೆ, ಈರುಳ್ಳಿಯ ಜೊತೆ ಉಪ್ಪು ಬೆರೆಸಿ ಇಟ್ಟೆ. ಮರುದಿನ ಶುಕ್ರವಾರ ಜೂನ್ ಹನ್ನೊಂದು, ಆರು ವಾರದ ಲೆಕ್ಕಕ್ಕೆ ಕಟ್ಟಕಡೆಯ ದಿನ. ಬೆಳಿಗ್ಗೆ ಒಂಬತ್ತಕ್ಕೆ ನೀರು ಬಸಿದು, ದಪ್ಪ ತಳದ ದೊಡ್ಡ ಪಾತ್ರೆಗೆ ಎಲ್ಲವನ್ನೂ ಸುರಿದು ಸಕ್ಕರೆ, ವಿನೆಗರ್ ಹಾಕಿ ಒಲೆ ಹಚ್ಚಿದೆ. ಎಂಥ ದೃಶ್ಯ! ಕೆಂಪು ಕಡಲು ಉಕ್ಕುತ್ತಿತ್ತು, ಈರುಳ್ಳಿಯ ಚೂರುಗಳು ಪುಟ್ಟ ದೋಣಿಗಳಂತೆ ತೇಲುತ್ತಿದ್ದವು.

ಅಷ್ಟರಲ್ಲಿ ವಿನೆಗರ್ ಆವಿ ಗಂಟಲಿಗೆ ಇಳಿಯಿತು. ಕೆಮ್ಮು ಬಂತು. ಆ ದಿನಗಳಲ್ಲಿ ಕಾಂಡೋದಲ್ಲಿ ಕೆಮ್ಮುವುದೆಂದರೆ ಏನೆಂದು ನಿಮಗೆ ಗೊತ್ತಿದೆ. ಎರಡನೇ ಕೆಮ್ಮಿಗೆ ಮೇಲಿನ ಮನೆಯ ಕಿಟಕಿ ಮುಚ್ಚಿತು, ಮೂರನೆಯದಕ್ಕೆ ಕೆಳಗಿನ ಮನೆಯದು. ನಾಲ್ಕನೆಯದಕ್ಕೆ ಆಂಬುಲೆನ್ಸ್ ಬರುವ ಮುಂಚೆ ನಾನು ಓಡಿಹೋಗಿ, ಆಸ್ಪತ್ರೆಯ ದಪ್ಪ ಮಾಸ್ಕ್ ತಂದು ಮೂಗಿಗೆ ಬಿಗಿದೆ. ಇನ್ನು ಭಯವಿಲ್ಲ!

ಹತ್ತು ಗಂಟೆಗೆ ನನ್ನ ಆನ್‌ಲೈನ್ ಕ್ಲಾಸ್. ಲ್ಯಾಪ್‌ಟಾಪನ್ನು ಅಡುಗೆಮನೆಯ ಮೇಜಿನ ಮೇಲಿಟ್ಟೆ. ಎಡಗೈಯಲ್ಲಿ ಮೌಸ್, ಬಲಗೈಯಲ್ಲಿ ಸೌಟು. ತೊಂಬತ್ತೆರಡು ವಿದ್ಯಾರ್ಥಿಗಳು. ಪಾಠ, ಆಣೆಯಿಟ್ಟು ಹೇಳುತ್ತೇನೆ, ಮನುಷ್ಯನ ಮೂಗು! ಘ್ರಾಣಶಕ್ತಿಯ ರಚನೆ ಮತ್ತು ಕಾರ್ಯ.

ಮೊದಲ ಭಾಗದವರೆಗೆ ಬಲಗೈ ಪ್ರಾಮಾಣಿಕವಾಗಿ ತಿರುವಿತು. ಎರಡನೇ ಭಾಗದಲ್ಲಿ ಒಂದು ಚಿತ್ರವಿತ್ತು. ಮೂಗಿನ ನರಗಳು ಮಿದುಳಿಗೆ ಹೋಗುವ ದಾರಿಯನ್ನು ನಾನು ಪ್ರತಿ ವರ್ಷ ಎರಡೂ ಕೈಯಲ್ಲಿ ಗಾಳಿಯಲ್ಲಿ ಬರೆದು ತೋರಿಸುತ್ತೇನೆ. ಅದು ನನ್ನ ಹೆಗ್ಗಳಿಕೆ. ಎರಡೂ ಕೈ ಎಂದಮೇಲೆ ಸೌಟು ಕೆಳಗಿಡಲೇಬೇಕಾಯಿತು.

"ಮೂಗು ಒಬ್ಬ ಕಾವಲುಗಾರ," ಎಂದೆ. "ಕಣ್ಣಿಗೆ ಕಾಣುವ ಮೊದಲೇ, ಕಿವಿಗೆ ಕೇಳುವ ಮೊದಲೇ, ಅಪಾಯವನ್ನು ಕಂಡುಹಿಡಿಯುತ್ತದೆ."

"ಸರ್," ಎಂದಳು ಫರಾ ಎಂಬ ವಿದ್ಯಾರ್ಥಿನಿ.

"ಪ್ರಶ್ನೆಗಳು ಕೊನೆಗೆ."

"ಸರ್, ಪ್ರಶ್ನೆ ಅಲ್ಲ. ನಿಮ್ಮ ಹಿಂದೆ ಹೊಗೆ."

"ಅದು ಆವಿ," ಎಂದೆ. "ಆವಿ ಬಿಳಿ, ಹೊಗೆ ಬೂದು. ಇದು ಹೈಸ್ಕೂಲಿನ ವಿಜ್ಞಾನ."

"ಸರ್, ಬೂದು ಬಣ್ಣವೇ ಕಾಣ್ತಿದೆ ಲಾ."

ತೊಂಬತ್ತೆರಡು ಜನರ ಮುಂದೆ ಹಿಂತಿರುಗಿ ನೋಡುವುದೇ? ಗುರುವಿನ ಮರ್ಯಾದೆ ಏನಾಗಬೇಕು! ನಾನು ನರಗಳನ್ನು ಮಿದುಳು ಮುಟ್ಟಿಸಿಯೇ ನಿಲ್ಲಿಸಿದೆ. ಇಪ್ಪತ್ತೆರಡು ನಿಮಿಷ. ಆಗ ಸರೋಜಿನಿ ತನ್ನ ಮೀಟಿಂಗನ್ನು ಅರ್ಧಕ್ಕೆ ಬಿಟ್ಟು ಅಡುಗೆಮನೆಗೆ ನುಗ್ಗಿದಳು.

"ರೀ! ಸೀದ ವಾಸನೆ ಬೀದಿಗೆ ಹೋಗ್ತಿದೆ! ನಿಮ್ಮ ಮೂಗು ಎಲ್ಲಿ?"

"ಮಾಸ್ಕ್ ಒಳಗೆ," ಎಂದೆ. ಈ ಮಾತನ್ನೂ ತೊಂಬತ್ತೆರಡು ಜನ ಕೇಳಿದರು.

ಮಾಸ್ಕ್ ತೆಗೆದೆ. ಮರುಕ್ಷಣ ಮತ್ತೆ ಹಾಕಿಕೊಳ್ಳೋಣ ಎನಿಸಿತು.

"ತಳ ಮುಟ್ಟಬೇಡಿ! ಮೇಲಿನದಷ್ಟನ್ನೇ ಬೇರೆ ಪಾತ್ರೆಗೆ ಬಗ್ಗಿಸಿ!" ಎಂದು ಸರೋಜಿನಿ ಕೂಗಿದಳು. ಕನ್ನಡ ನಾಡಿನ ಯಾವ ಹೆಂಗಸಾದರೂ ಕೂಗುವ ಮಾತು ಅದು, ಸರಿಯಾದ ಮಾತೂ ಹೌದು. ಆದರೆ ಮೇಲಿನದಷ್ಟೇ ಬಗ್ಗಿಸಿದರೆ ಮೂರು ಬಾಟಲಿಯೂ ತುಂಬುವುದಿಲ್ಲ. ನಾಲ್ಕು ಕಿಲೋಗೆ ಏಳು ಬಾಟಲಿ ಎಂದು ಬ್ರೈಡಿ ಆಂಟಿಗೆ ಗೊತ್ತು. ಉಳಿದ ನಾಲ್ಕು ಎಲ್ಲಿ ಎಂದು ಕೇಳಿದರೆ? ನಾನು ಸೌಟು ಎತ್ತಿದೆ. ತಳವನ್ನು ಕೆರೆದೆ. ಕಪ್ಪು ಹಕ್ಕಳೆಗಳು ಎದ್ದು ಕೆಂಪು ಕಡಲಿನಲ್ಲಿ ಕರಗಿದವು. ಸಾಸಿವೆ ಪುಡಿ, ಕರಿ ಪುಡಿ ಸುರಿದೆ. ಏಳು ಬಾಟಲಿಗಳಿಗೆ ತುಂಬಿ ಮುಚ್ಚಳ ಬಿಗಿದೆ.

ಸರೋಜಿನಿ ಸೌಟಿಗೆ ಅಂಟಿದ್ದನ್ನು ಅಂಗೈಗೆ ಹಾಕಿ ನೆಕ್ಕಿದಳು. ಕಣ್ಣು ಮುಚ್ಚಿದಳು.

"ಸೀದಿದೆ."

"ಸೀದಿಲ್ಲ. ಸ್ವಲ್ಪ ಕೆಂಡದ ಪರಿಮಳ."

"ನೀವೇ ಒಂಚೂರು ತಿಂದು ಹೇಳಿ."

"ನಮ್ಮಲ್ಲಿ ರುಚಿ ನೋಡುವ ಪದ್ಧತಿ ಇಲ್ಲ!"

"ಮತ್ತೆ ಮಾಡೋಣ ಕಣ್ರೀ. ಟೊಮೇಟೊ ನಾನು ತರ್ತೀನಿ."

"ಇವತ್ತೇ ಕಡೇ ದಿನ. ಮತ್ತೆ ಮಾಡಿದರೆ ಆರು ವಾರ ಆಗುದಿಲ್ಲ. ಅದೂ ಅಲ್ಲದೆ, ಮತ್ತೆ ಮಾಡುದು ಅಂದರೆ ಇದು ಕೆಟ್ಟಿದೆ ಅಂತ ಒಪ್ಪಿದ ಹಾಗೆ!"

ಅಷ್ಟರಲ್ಲಿ ಎದುರಿನ ಗ್ರಿಲ್ ತಟ್ಟಿದ ಸದ್ದು. ನಾನು ಒಂದು ಬಾಟಲಿಯನ್ನು ಬಟ್ಟೆಯಲ್ಲಿ ಒರೆಸಿ ಆಂಟಿಗೆ ಕೊಟ್ಟೆ. ಅವರ ಮನೆಯ ನಿಯಮದಂತೆ ಅವರಿಗೆ ಒಂದೇ ಸಾಕು, ಉಳಿದದ್ದೆಲ್ಲ ತಿರುವಿದವರಿಗೆ. ಆಂಟಿ ಅದನ್ನು ಎಡಗೈಯಲ್ಲಿ ಬೆಳಕಿಗೆ ಹಿಡಿದು, ಮಗುವಿನ ಜಾತಕ ನೋಡುವವರಂತೆ ನೋಡಿದರು.

"ಬಣ್ಣ ಎಷ್ಟು ಗಾಢ ಬಂದಿದೆ ಡಾಕ್ಟರ್! ನನಗೆ ಯಾವತ್ತೂ ಹೀಗೆ ಬಂದಿಲ್ಲ."

"ಚೆನ್ನಾಗಿ ಬೇಯಿಸಿದ್ದೇನೆ," ಎಂದೆ. ಸುಳ್ಳಲ್ಲ.

"ಮೈಕಲ್‌ಗೆ ಇವತ್ತೇ ಹೇಳ್ತೇನೆ. ಈ ವರ್ಷವೂ ತಪ್ಪಲಿಲ್ಲ ಅಂತ." ಬಾಟಲಿಯನ್ನು ಎದೆಗೊತ್ತಿಕೊಂಡರು. "ದೇವರು ನಿಮ್ಮ ಕೈಯನ್ನ ಚೆನ್ನಾಗಿಟ್ಟಿರಲಿ."

ಬಾಗಿಲು ಹಾಕಿದ ಮೇಲೆ ಸರೋಜಿನಿ ನನ್ನನ್ನೇ ನೋಡುತ್ತಿದ್ದಳು.

"ಆ ಹೆಂಗಸು ಅಣ್ಣ ಅಕ್ಕನ ಮುಂದೆ ಅಮ್ಮನ ಹೆಸರಲ್ಲಿ ಸೀದ ಗೊಜ್ಜು ತಿನ್ನಬೇಕಾ? ಅದಕ್ಕೆ ಮುಂಚೆ ನೀವೇ ಹೋಗಿ ಹೇಳ್ತೀರಿ."

"ಹೇಳುದಿಲ್ಲ."

"ಹೇಳ್ತೀರಿ."

ಆರು ವಾರ. ನಾನು ಹೇಳಲು ಮೂರು ಸಲ ಹೊರಟೆ ಎಂಬುದನ್ನು ದಯವಿಟ್ಟು ದಾಖಲಿಸಿಕೊಳ್ಳಿ. ಮೊದಲ ಸಲ ಹೋದಾಗ ಆಂಟಿ ಬಾಟಲಿಯನ್ನು ತಾಯಿಯ ಫೋಟೋ ಕೆಳಗಿನ ಕಪಾಟಿನಲ್ಲಿಟ್ಟು ಪಕ್ಕದಲ್ಲಿ ಹೂವಿಟ್ಟಿದ್ದರು. ಗ್ರಿಲ್ಲಿನಿಂದಲೇ ತೋರಿಸಿದರು. ಹೂವಿಟ್ಟ ಮೇಲೆ ಏನು ಹೇಳುವುದು? ಎರಡನೇ ಸಲ, ಮೈಕಲ್ ಜ್ವರದಿಂದ ಎದ್ದು ಮೊದಲು ಕೇಳಿದ ಪ್ರಶ್ನೆ 'ಬ್ರೈಡಿಯ ಬಾಟಲಿ ತಯಾರಾ' ಎಂಬುದೆಂದು ಹೇಳಿ ಕಣ್ಣೊರೆಸಿಕೊಂಡರು. ಮೂರನೇ ಸಲ ನಾನು ಬಾಯಿ ತೆರೆಯುವ ಮೊದಲೇ ಪ್ಲಾಸ್ಟರಿನ ಮೇಲೆ ಸಹಿ ಮಾಡಿಸಿಕೊಂಡರು. ನಾನು ಗ್ರಿಲ್ಲಿನ ಸಂದಿನಲ್ಲಿ ಕೈ ತೂರಿಸಿ ಸಹಿ ಮಾಡಿ ಬಂದೆ.

ಇತ್ತ ನಮ್ಮ ಪಾಲಿನ ಆರು ಬಾಟಲಿಗಳು. ಅನ್ನ ಚೆಲ್ಲುವವಳಲ್ಲ ಸರೋಜಿನಿ. ಅವನ್ನು ಮಾಯ ಮಾಡಲು ಅವಳು ಹೂಡಿದ ದಂಡಯಾತ್ರೆಯ ಮುಂದೆ ಯಾವ ರಾಜ್ಯ ಉಳಿದೀತು! ಸಾರಿಗೆ ಹಾಕಿದಳು. ಸಾರು ಸೀದಿತು. ಮೆಂತ್ಯ ಬೆಲ್ಲ ಸೇರಿಸಿ ಗೊಜ್ಜು ಮಾಡಿದಳು. ಬೆಲ್ಲ ಮುಂದೆ, ಹೊಗೆ ಹಿಂದೆ. ದಪ್ಪ ಮೆಣಸಿನಕಾಯಿಯೊಳಗೆ ತುಂಬಿ ಹುರಿದಳು, ಚಪಾತಿಗೆ ಸುತ್ತಿದಳು, ನೂಡಲ್ಸಿಗೆ ಕಲಸಿದಳು, ಆಲೂಗಡ್ಡೆ ಪಲ್ಯದಲ್ಲಿ ಹೂತಳು. ಇಂಗು ಹಾಕಿ ಒಗ್ಗರಣೆ ಕೊಟ್ಟಾಗ ಇಂಗೇ ಸೋತು ಶರಣಾಯಿತು. ಎಲ್ಲಿ ಹೂತರೂ ಆ ಸೀದ ವಾಸನೆ ಸಸಿಯಂತೆ ತಲೆಯೆತ್ತುತ್ತಿತ್ತು.

"ಅಮ್ಮಾ, ಪ್ಲೀಸ್, ಮಾಮಕ್‌ನಿಂದ ತಪಾವ್ ಮಾಡೋಣ ಲಾ," ಎಂದು ಶ್ರೀಯಾ ಬೇಡಿದಳು. ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಕನ್ನಡದಲ್ಲಿ ಬೇಡಿದ ಮೊದಲ ದಿನ ಅದು.

ನಾನು ಮಾತ್ರ ಎರಡೆರಡು ಸಲ ಬಡಿಸಿಕೊಂಡು ತಿಂದೆ. "ಎಷ್ಟು ಚೆನ್ನಾಗುಂಟು!" ಎಂದೆ. ಗಂಟಲು ಒಪ್ಪಲಿಲ್ಲ, ಆದರೂ ತಲೆ ಬಾಗಿಸಲಿಲ್ಲ. ಜುಲೈ ಇಪ್ಪತ್ತೆರಡರ ಸಂಜೆ ಕೊನೆಯ ಬಾಟಲಿ ಬೋಂಡಾ ಹಿಟ್ಟಿನೊಳಗೆ ಹೋಗಿ ಸಮಾಧಿಯಾಯಿತು.

ಮರುದಿನ ಸಂಜೆ ಐದಕ್ಕೆ, ಐರ್ಲೆಂಡಿನ ಬೆಳಿಗ್ಗೆ ಹತ್ತಕ್ಕೆ, ಜೂಮ್. ಬ್ರೈಡಿ ಆಂಟಿ ನಮ್ಮನ್ನೂ ಕರೆದಿದ್ದರು. 'ತಿರುವಿದ ಕೈ ಇರಲೇಬೇಕು' ಎಂದು ಹಟ. ನಾವು ಮೂವರೂ ನಮ್ಮ ಸೋಫಾದಲ್ಲಿ, ಆಂಟಿ ಎದುರು ಮನೆಯಲ್ಲಿ, ಪರದೆಯ ಮೇಲೆ ಮೈಕಲ್ ಮತ್ತು ನೋರಾ. ಮೈಕಲ್ ಸ್ವೆಟರ್ ಹಾಕಿಕೊಂಡು, ಕುತ್ತಿಗೆ ಚಾಚಿ, ಪರದೆಯ ತುಂಬ ಮೂಗೇ ಕಾಣುವಂತೆ ಕುಳಿತಿದ್ದರು.

ಮೊದಲು ಮೈಕಲ್ ಚಮಚ ಬಾಯಿಗಿಟ್ಟರು. "ಅಮ್ಮನ ಆಣೆಗೂ, ಒಳ್ಳೆಯದಿದೆ. ಆದರೆ ಅಮ್ಮನದ್ದಲ್ಲ."

ನೋರಾ ತಿಂದರು. "ಸಿಹಿ ಜಾಸ್ತಿ. ಅಮ್ಮನದ್ದಲ್ಲ."

"ಬ್ರೈಡಿ," ಎಂದರು ಮೈಕಲ್, "ನಿನ್ನದು."

ಆಂಟಿ ಎಡಗೈಯಲ್ಲಿ ಚಮಚ ಎತ್ತಿದರು. ಬಾಯಿಗಿಟ್ಟರು. ಚಮಚ ಕೆಳಗಿಟ್ಟರು. ಅವರ ಮುಖದಲ್ಲಿ ಏನೋ ಕದಲಿತು, ಕಣ್ಣು ತುಂಬಿತು. ಒಂದು ಹನಿ ಪ್ಲಾಸ್ಟರಿನ ಮೇಲೆ, ನನ್ನ ಸಹಿಯ ಮೇಲೆಯೇ ಬಿತ್ತು.

ಅದನ್ನು ನೋಡಿ ನನ್ನೊಳಗಿನ ಕೋಟೆ ಕುಸಿಯಿತು. ಎಪ್ಪತ್ತಾರು ವರ್ಷದ ಜೀವ, ನಲವತ್ತೊಂದು ವರ್ಷದ ವ್ರತ, ಮತ್ತು ನನ್ನ ಸೌಟು! ನಾನು ಎದ್ದು ನಿಂತೆ.

"ಆಂಟಿ, ತಪ್ಪು ನನ್ನದು! ನಾನು ಅದನ್ನು ಸೀಯಿಸಿದೆ. ಪಾಠ ಮಾಡುತ್ತಾ ಸೌಟು ಬಿಟ್ಟೆ. ಮಾಸ್ಕಿನಿಂದಾಗಿ ವಾಸನೆ ಬರಲಿಲ್ಲ, ಸಂಪ್ರದಾಯದಿಂದಾಗಿ ರುಚಿ ನೋಡಲಿಲ್ಲ, ಅಹಂಕಾರದಿಂದಾಗಿ ತಳ ಕೆರೆದೆ, ಹೇಡಿತನದಿಂದಾಗಿ ಆರು ವಾರ ಮುಚ್ಚಿಟ್ಟೆ. ನಿಮ್ಮ ತಾಯಿಯ ಹೆಸರಿಗೆ ಮಸಿ ಬಳಿದೆ. ಕ್ಷಮಿಸಿ!"

ನನ್ನ ಜೀವನದ ಅತ್ಯುತ್ತಮ ಭಾಷಣ. ಪರದೆಯ ಮೇಲೆ ಯಾರೂ ಅಲುಗಾಡಲಿಲ್ಲ.

"ಅಪ್ಪಾ," ಎಂದಳು ಶ್ರೀಯಾ, "ಯೂ ಆರ್ ಆನ್ ಮ್ಯೂಟ್."

ಅವಳು ಕೈ ಚಾಚಿ ಗುಂಡಿ ಒತ್ತಿದಳು. ಅಂಥ ಭಾಷಣವನ್ನು ಎರಡು ಸಲ ಮಾಡಲು ಯಾರಿಂದಾದೀತು? "ಆಂಟಿ, ನಾನು ಸೀಯಿಸಿದೆ," ಎಂದಷ್ಟೇ ಹೇಳಿ ಕುಳಿತೆ.

"ಸೀದಿದೆ," ಎಂದರು ಬ್ರೈಡಿ ಆಂಟಿ ನಿಧಾನವಾಗಿ. ಆಮೇಲೆ ಪರದೆಗೆ ಮುಖ ತಂದು ಕೂಗಿದರು. "ಮೈಕಲ್! ಇದು ಸೀದಿದೆ! ನೋರಾ, ನೆನಪಿದೆಯಾ? ಅಮ್ಮ ಪಾತ್ರೆ ಒಲೆ ಮೇಲಿಟ್ಟು ಕರುಗಳಿಗೆ ಹಾಲು ಕುಡಿಸೋಕೆ ಹೋಗ್ತಿದ್ದಳು!"

ನೋರಾ ಬಾಯಿಗೆ ಕೈ ಇಟ್ಟುಕೊಂಡರು. "ಹೋದವಳು ಪಕ್ಕದ ಮನೆಯವಳ ಜೊತೆ ಮಾತಿಗೆ ನಿಲ್ಲುತ್ತಿದ್ದಳು..."

"ಓಡಿ ಬಂದು ತಳ ಕೆರೆಯುತ್ತಿದ್ದಳು!" ಎಂದರು ಮೈಕಲ್. "ಅಯ್ಯೋ ದೇವರೇ. ಪ್ರತಿ ವರ್ಷ! ಅಮ್ಮ ಪ್ರತಿ ವರ್ಷ ಸೀಯಿಸುತ್ತಿದ್ದಳು!"

ಮೂವರೂ ನಗತೊಡಗಿದರು. ನಗುತ್ತಲೇ ಅತ್ತರು. ಸತ್ತ ತಾಯಿಯ ಕೈಗೆ ಯಾರು ತಪ್ಪು ಹೊರಿಸುತ್ತಾರೆ? ಅವಳ ಸೀದ ಗೊಜ್ಜನ್ನು ಮಕ್ಕಳು ಮನಸ್ಸಿನಲ್ಲೇ ಒಪ್ಪ ಮಾಡಿ ಇಟ್ಟುಕೊಂಡಿದ್ದರು. ಒಬ್ಬರು ವಿನೆಗರ್ ಬದಲಿಸಿ, ಒಬ್ಬರು ಸಕ್ಕರೆ ಬದಲಿಸಿ, ನಲವತ್ತೊಂದು ವರ್ಷ ಹುಡುಕಿದ್ದರು. ಎಲ್ಲರೂ ಎಷ್ಟು ಎಚ್ಚರದಿಂದ ತಿರುವಿದ್ದರೆಂದರೆ ಅಮ್ಮ ಒಳಗೆ ಬರಲು ಒಂದು ಸಂದೂ ಇರಲಿಲ್ಲ.

"ಅಮ್ಮನ ಆಣೆಗೂ," ಎಂದರು ಬ್ರೈಡಿ ಆಂಟಿ, "ಇದು ಅಮ್ಮನದ್ದೇ. ಹೌದು."

ನಾನು ಸರೋಜಿನಿಯ ಕಡೆ ತಿರುಗಿದೆ. ನನ್ನ ಎದೆಯ ಅಗಲಕ್ಕೆ ಸೋಫಾ ಸಾಲದಾಗಿತ್ತು. "ನೋಡಿದೆಯಾ? ಕೆಂಡದ ಪರಿಮಳ!"

ಮೈಕಲ್ ಕನ್ನಡಕ ಹಾಕಿಕೊಂಡು, ಪೆನ್ನು ಕಾಗದ ಎಳೆದುಕೊಂಡು ಕೇಳಿದರು. "ಡಾಕ್ಟರ್, ಸರಿಯಾಗಿ ಹೇಳಿ. ಎಷ್ಟು ಹೊತ್ತು ಸೀಯಿಸಿದಿರಿ?"

"ಇಪ್ಪತ್ತೆರಡು ನಿಮಿಷ," ಎಂದೆ, ಅಜ್ಜನ ಗಾಂಭೀರ್ಯದಿಂದ.

"ನನ್ನ ಕೈ ನಡುಗುತ್ತೆ. ನನ್ನಿಂದ ಆಗೋದಿಲ್ಲ. ಒಂದು ಬಾಟಲಿ ಇತ್ತ ಕಳಿಸ್ತೀರಾ? ನಾಲಿಗೆ ಇರೋವಾಗಲೇ ಒಂದು ಸಲ ತಿನ್ನಬೇಕು."

"ಖಂಡಿತ! ಎಷ್ಟು ಬೇಕು?"

ಸರೋಜಿನಿ ನನ್ನ ಕಿವಿಯಲ್ಲಿ ಹೇಳಿದಳು. "ಒಂದೂ ಇಲ್ಲ. ನಿನ್ನೆ ಬೋಂಡಾ ತಿಂದ್ರಲ್ಲ, ಅದೇ ಕಡೇದು."

ಮತ್ತೆ ಮಾಡಿದರಾಯಿತು! ಸೋಮವಾರ ನಾಲ್ಕು ಕಿಲೋ ಟೊಮೇಟೊ ತಂದೆ. ಅದೇ ಪಾತ್ರೆ, ಅದೇ ಉರಿ. ಮಾಸ್ಕ್ ಹಾಕಿಕೊಂಡೆ. ಗಡಿಯಾರ ಇಟ್ಟುಕೊಂಡೆ. ಸೌಟು ಕೆಳಗಿಟ್ಟು ಕೈ ಕಟ್ಟಿ ನಿಂತೆ, ಸೀಯಲಿ ಎಂದು ಕಾದೆ. ಆದರೆ ಎಂಬತ್ತಾರರ ಒಬ್ಬ ಅಜ್ಜನಿಗೆ ಹೋಗಬೇಕಾದ್ದು ಎದುರಿಗೆ ಕುದಿಯುತ್ತಿರುವಾಗ ಕೈ ಕೇಳುತ್ತದೆಯೇ? ಆರನೇ ನಿಮಿಷಕ್ಕೆ ತಳ ಸ್ವಲ್ಪ ಗುರ್ ಎಂದರೆ ಸಾಕು, ಕೈ ತಾನಾಗಿ ಸೌಟಿಗೆ ಹಾರುತ್ತಿತ್ತು. ರೆಲಿಶ್ ಮಾಣಿಕ್ಯದಂತೆ ಕೆಂಪಗೆ, ಹೊಳೆಹೊಳೆದು ಬಂತು. ಗ್ರಿಲ್ಲಿನ ಸಂದಿನಿಂದ ಒಂದು ಚಮಚ ಕೊಟ್ಟೆ.

"ತುಂಬಾ ಚೆನ್ನಾಗಿದೆ ಡಾಕ್ಟರ್," ಎಂದರು ಬ್ರೈಡಿ ಆಂಟಿ, ಸಾವಿನ ಮನೆಗೆ ಬಂದವರ ಮುಖ ಮಾಡಿ.

ಗುರುವಾರ ಮತ್ತೆ ಮಾಡಿದೆ. ಇನ್ನೂ ಚೆನ್ನಾಗಿ ಬಂತು! ಭಾನುವಾರ ಮಾಡಿದ್ದಂತೂ ಎಷ್ಟು ಸೊಗಸಾಗಿತ್ತೆಂದರೆ ಶ್ರೀಯಾ ಎರಡು ದೋಸೆ ಹೆಚ್ಚು ತಿಂದಳು. ನಾನು ಅಡುಗೆಮನೆಯ ನೆಲದ ಮೇಲೆ ತಲೆಗೆ ಕೈಹೊತ್ತು ಕುಳಿತೆ. ಮೈಕಲ್ ಎರಡು ಸಲ ಮೆಸೇಜ್ ಮಾಡಿದ್ದರು.

ಸರೋಜಿನಿ ಬಾಗಿಲಿಗೆ ಒರಗಿ ನಿಂತು ನನ್ನನ್ನು ನೋಡಿದಳು. ಹದಿನೆಂಟು ವರ್ಷದ ಸಂಸಾರದ ಕರುಣೆಯೆಲ್ಲ ಆ ನೋಟದಲ್ಲಿತ್ತು.

"ರೀ, ಒಂದು ಕೆಲಸ ಮಾಡಿ. ಸೀಯಿಸಬೇಕು ಅಂತ ಮಾಡಬೇಡಿ. ಚೆನ್ನಾಗಿ ಮಾಡಿ ತೋರಿಸ್ತೀನಿ ಅಂತ ಹಟ ತೊಟ್ಟು ಮಾಡಿ. ತಾನಾಗೇ ಸೀಯುತ್ತೆ."

ಎಂಥ ಅವಮಾನ! ನನಗೆ ಮೈಯೆಲ್ಲ ಉರಿಯಿತು. ತಕ್ಷಣ ಎದ್ದು ಟೊಮೇಟೊ ಹೆಚ್ಚಿದೆ. ಇವತ್ತು ಮಾಡುವ ರೆಲಿಶ್ ನೋಡಿ ಮೈಸೂರೇ ಬಾಯಿ ಮುಚ್ಚಬೇಕು ಎಂದು ಸಾರಿದೆ. ಒಲೆ ಹಚ್ಚಿದೆ, ಸೌಟು ಹಿಡಿದೆ. ನಮ್ಮ ವಂಶದ ಅಡುಗೆಯ ಇತಿಹಾಸವನ್ನು, ಮಠದ ಸಾವಿರ ಎಲೆಯಿಂದ ಹಿಡಿದು, ಅವಳಿಗೆ ಒಮ್ಮೆ ಸರಿಯಾಗಿ ತಿಳಿಸಿಹೇಳಲೇಬೇಕೆಂದು ಅವಳ ಕಡೆ ತಿರುಗಿ, ಎರಡೂ ಕೈ ಎತ್ತಿ ಶುರುಮಾಡಿದೆ.

ಎರಡು ಬಾಟಲಿ ಮರುದಿನವೇ ಹೊರಟವು. ಒಂದು ಐರ್ಲೆಂಡಿಗೆ, ಒಂದು ಇಂಗ್ಲೆಂಡಿಗೆ.